ಟೀಚರ ಕಾರಿನ ಹಿಂದಿನ ಗಾಜು

ಹೋದ ತಿಂಗಳು ತಂಗಿಯ ಮಗಳ ಬಾಣಂತನಕ್ಕೆ ಅಂತ ನಲ್ಲೂರಿಗೆ ಹೋಗಿದ್ದೆ. ಮಗುವಿಗೆ ನೀರು ಹಾಕುವ ಕೆಲಸ ನನ್ನ ಪಾಲಿಗೆ ಬಂತು. ಬಚ್ಚಲಲ್ಲಿ ಕಾಲು ಚಾಚಿ ಕೂತು ಕೂಸನ್ನು ಮಲಗಿಸಿಕೊಂಡೆ. ತಂಗಿ ಅಂಗೈಗೆ ಸುರಿದ ಮಕ್ಕಳ ಶಾಂಪೂವನ್ನು ನೀರಲ್ಲಿ ಕಲಸಿದೆ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಕೈ ನಿಂತುಬಿಟ್ಟಿತು. ಜಗಳೂರಿನ ಬಿಸಿಲು, ತಗಡಿನ ಶೆಡ್ಡು, ಒದ್ದೆ ಗಾಜಿನ ಮೇಲೆ ಜಾರುವ ರಬ್ಬರ್ ಪಟ್ಟಿ ಎಲ್ಲ ಒಟ್ಟಿಗೆ ಕಣ್ಣಮುಂದೆ ಬಂದವು. ಯಾಕಕ್ಕ ಸುಮ್ಮನೆ ಕೂತುಬಿಟ್ಟೆ ಎಂದು ತಂಗಿ ಕೇಳಿದಳು. ಮಗುವಿನ ಶಾಂಪೂ ವಾಸನೆಗೆ ನನಗೆ ಕಾರು ನೆನಪಾಯಿತು ಎಂದರೆ ಅವಳು ನಂಬುತ್ತಿರಲಿಲ್ಲ. ಕಾರಿನ ಗಾಜಿಗೆ ಫಿಲ್ಮ್ ಅಂಟಿಸುವವರು ನೀರಿಗೆ ಬೆರೆಸಿಕೊಳ್ಳುವುದು ಇದನ್ನೇ. ಆ ನೀರನ್ನು ಗಾಜಿಗೆ ಹೊಡೆದರೆ ಫಿಲ್ಮು ಗಕ್ಕನೆ ಹಿಡಿದುಕೊಳ್ಳದೆ ಜಾರುತ್ತದೆ. ಬೇಕಾದ ಕಡೆ ಸರಿಸಿ, ಕೂರಿಸಿ, ಆಮೇಲೆ ನೀರನ್ನು ಒತ್ತಿ ಹೊರಗೆ ಹಾಕಬೇಕು. ಐದು ವರ್ಷದ ಹಿಂದಿನ ಆ ಬೇಸಿಗೆಯಲ್ಲಿ ನನ್ನ ಸೀರೆ, ನನ್ನ ಅಂಗೈ, ನಾನು ತಿನ್ನುವ ರೊಟ್ಟಿ ಕೂಡ ಅದೇ ವಾಸನೆ ಹೊಡೆಯುತ್ತಿದ್ದವು.

ನಾನು ಹುಟ್ಟಿದ್ದು ನಲ್ಲೂರಿನಲ್ಲಿ, ಕೊಟ್ಟಿದ್ದು ಜಗಳೂರಿಗೆ. ಎರಡೂ ಒಂದೇ ಜಿಲ್ಲೆ ಅಂತಾರೆ, ಆದರೆ ಗಾಳಿ ಬೇರೆ. ನಮ್ಮ ಚನ್ನಗಿರಿ ಕಡೆ ಗಾಳಿ ಬಂದರೆ ಎಲೆ ಅಲ್ಲಾಡುತ್ತದೆ. ಜಗಳೂರಿನಲ್ಲಿ ಗಾಳಿ ಬಂದರೆ ರಸ್ತೆಯೇ ಎದ್ದು ಮನೆಯೊಳಗೆ ಬರುತ್ತದೆ. ಮದುವೆಯಾದ ಹೊಸದರಲ್ಲಿ ದಿನಕ್ಕೆ ನಾಲ್ಕು ಸಲ ಕಸ ಗುಡಿಸಿ ಅತ್ತಿದ್ದೆ. ಆಮೇಲೆ ರೂಢಿಯಾಯಿತು.

ನನ್ನ ಗಂಡ ತಿಪ್ಪೇಸ್ವಾಮಿಯವರದು ಕಾರಿನ ಸಾಮಾನಿನ ಅಂಗಡಿ. ಸೀಟಿನ ಕವರು, ಮ್ಯಾಟು, ಹಾರನ್ನು, ಸ್ಟಿಕ್ಕರು, ಗಾಜಿನ ಫಿಲ್ಮು. ಮನೆಯ ಮುಂಭಾಗವೇ ಅಂಗಡಿ, ಪಕ್ಕದಲ್ಲಿ ಒಂದು ಕಾರು ನಿಲ್ಲುವಷ್ಟು ತಗಡಿನ ಶೆಡ್ಡು. ನಾನು ಒಳಗೆ ದಪ್ಪ ಸೂಜಿಯ ಮಿಷನ್ನಿನ ಮೇಲೆ ಸೀಟಿನ ಕವರು ಹೊಲಿಯುತ್ತಿದ್ದೆ. ಬಿಡುವಾದಾಗ ಇನ್ನೊಂದು ಮಿಷನ್ನಿನಲ್ಲಿ ಓಣಿಯ ಹೆಂಗಸರ ರವಿಕೆ ಹೊಲಿಯುತ್ತಿದ್ದೆ. ಫಿಲ್ಮಿನ ಕೆಲಸ ಮಾತ್ರ ಪೂರ್ತಿ ಅವರದು. ಮದುವೆಗೆ ಮುಂಚೆ ದಾವಣಗೆರೆಯಲ್ಲಿ ಆರು ವರ್ಷ ದುಡಿದು ಕಲಿತುಕೊಂಡು ಬಂದಿದ್ದರು. ನಾನು ಅದನ್ನು ಮುಟ್ಟಿರಲಿಲ್ಲ, ಮುಟ್ಟು ಎಂದು ಅವರೂ ಹೇಳಿರಲಿಲ್ಲ.

ಆ ವರ್ಷ ಶಿವರಾತ್ರಿ ಮುಗಿದ ವಾರ ಶೆಡ್ಡಿನ ತಗಡು ಬಿಗಿ ಮಾಡಲು ಏಣಿ ಹತ್ತಿದವರು ಬಿದ್ದರು. ಬಲ ಮುಂಗೈ ಎರಡು ಕಡೆ ಮುರಿಯಿತು. ಮೊಣಕೈವರೆಗೂ ಸಿಮೆಂಟಿನ ಪಟ್ಟಿ ಹಾಕಿದ ಡಾಕ್ಟರು, ಮೂರು ತಿಂಗಳು ಈ ಕೈಯಲ್ಲಿ ಏನನ್ನೂ ಒತ್ತುವಂತಿಲ್ಲ ಎಂದರು. ಫಿಲ್ಮಿನ ಕೆಲಸ ಎಂದರೆ ಒತ್ತುವುದೇ. ಅದೂ ಬಿಸಿಲು ಏರುವ ಕಾಲ, ವರ್ಷದ ಅರ್ಧ ಗಿರಾಕಿ ಬರುವುದು ಆಗಲೇ. ಮೇಲಾಗಿ ಆ ಸಲ ಹೈವೇಯಲ್ಲಿ ಪೊಲೀಸರು ಗಾಜು ನೋಡುತ್ತಿದ್ದರು. ಕಪ್ಪು ಫಿಲ್ಮ್ ಇದ್ದವರೆಲ್ಲ ಅದನ್ನು ತೆಗೆಸಿ, ನಿಯಮದಷ್ಟು ಬೆಳಕು ದಾಟುವ ಫಿಲ್ಮ್ ಹಾಕಿಸಲು ಹುಡುಕಿಕೊಂಡು ಬರುತ್ತಿದ್ದರು. ಕೊರಳಿಗೆ ಕೈ ಕಟ್ಟಿಕೊಂಡು ಬಾಗಿಲಲ್ಲಿ ನಿಂತ ನನ್ನ ಗಂಡ ಒಬ್ಬೊಬ್ಬರನ್ನೇ ವಾಪಸು ಕಳಿಸುತ್ತಿದ್ದರು. ಮೂರು ದಿನ ನೋಡಿದೆ. ನಾಲ್ಕನೆಯ ದಿನ ಊಟಕ್ಕೆ ಕೂತಾಗ, ನೀವು ಹೇಳಿಕೊಡ್ರಿ, ನಾನು ಹಾಕ್ತೀನಿ ಎಂದೆ.

ಅವರು ನಗಲಿಲ್ಲ. ನನಗೆ ಅಷ್ಟೇ ಸಾಕಾಗಿತ್ತು. ನನ್ನ ಕೈಯನ್ನೇ ನೋಡಿ, "ಬ್ಲೇಡು ಹಿಡಿಯಾಕೆ ನಿಂಗೆ ಬರ್ತೈತೆ, ಅದು ಗೊತ್ತು. ಗಾಜಿನ ಮೇಲೆ ಒಂದ್ಸಲ ತಪ್ಪಿದ್ರೆ ಬಿಚ್ಚಿ ಹೊಲಿಯಾಕೆ ಆಗಲ್ಲ ನೋಡು" ಎಂದರು.

ಗ್ಯಾರೇಜಿನಿಂದ ಹಳೆಯ ಬಾಗಿಲಿನ ಗಾಜು ಎರಡು ತರಿಸಿ ಗೋಡೆಗೆ ಒರಗಿಸಿದರು. ಅವರು ಕುರ್ಚಿಯಲ್ಲಿ ಕೂತು ಹೇಳುವುದು, ನಾನು ಮಾಡುವುದು. ಮೊದಲು ಗಾಜನ್ನು ಉಗುರು ತಾಗಿಸಿ ನೋಡುತ್ತ ಚೊಕ್ಕ ಮಾಡಬೇಕು. ಫಿಲ್ಮನ್ನು ಗಾಜಿನ ಹೊರಮೈ ಮೇಲೆ ಹರಡಿ ಅಳತೆಗೆ ಕತ್ತರಿಸಬೇಕು. ಆಮೇಲೆ ಬೆನ್ನಿನ ಹಾಳೆ ಸುಲಿದು, ಶಾಂಪೂ ನೀರು ಹೊಡೆದು, ಒಳಮೈಗೆ ಕೂರಿಸಿ, ರಬ್ಬರ್ ಪಟ್ಟಿಯಿಂದ ನಡುವಿನಿಂದ ಅಂಚಿಗೆ ನೀರು ಒತ್ತಬೇಕು. ಹೇಳಲು ಇಷ್ಟೇ. ಮೊದಲ ವಾರ ನಾನು ಹಾಕಿದ್ದೆಲ್ಲ ಹಪ್ಪಳದಂತೆ ಗುಳ್ಳೆ ಎದ್ದಿತು. ಒತ್ತಡ ಸಮ ಬರುತ್ತಿರಲಿಲ್ಲ. ಅವರು ಎದ್ದು ಬಂದು ಎಡಗೈಯನ್ನು ನನ್ನ ಕೈ ಮೇಲಿಟ್ಟು ಎಷ್ಟು ಒತ್ತಬೇಕು ಎಂದು ತೋರಿಸುತ್ತಿದ್ದರು. ಹತ್ತು ದಿನದ ಮೇಲೆ ಒಂದು ಬೆಳಿಗ್ಗೆ ಗಾಜಿನ ಮುಂದೆ ಕೂತು ಬಹಳ ಹೊತ್ತು ಹುಡುಕಿದರು. ತಪ್ಪೇನೂ ಸಿಗದೆ ಎದ್ದುಹೋಗಿ ಚಹಾ ಕುಡಿದರು.

ಮೊದಲ ಕಾರು ಗೊಬ್ಬರದಂಗಡಿಯ ಪರಮೇಶಪ್ಪನವರದು. ಪರಿಚಯದವರು, ಒಳ್ಳೆಯವರು. ನಾಲ್ಕು ಬಾಗಿಲಿಗೂ ಫಿಲ್ಮ್ ಹಾಕಿ ಕಳಿಸಿದೆ. ಸಂಜೆ ಅವರು ಕಾರನ್ನು ಅಂಗಡಿ ಮುಂದೆ ತಂದು ನಿಲ್ಲಿಸಿ, ಒಂದು ಗಾಜಿನ ಕಡೆ ಬೆರಳು ತೋರಿಸಿದರು. ಫಿಲ್ಮಿನ ಕೆಳಗೆ ಬೆರಳುದ್ದದ ಕೆಂಪು ದಾರ. ಅವತ್ತು ಬೆಳಿಗ್ಗೆ ನಾನು ಹೊಲಿದಿದ್ದ ರವಿಕೆಯದು.

ಇಂಥ ನಾಚಿಕೆ ನನಗೆ ಯಾವತ್ತೂ ಆಗಿರಲಿಲ್ಲ. ದಾರ ನನ್ನ ಅನ್ನ. ನನ್ನ ಸೀರೆ, ಕೂದಲು, ತೋಳು ಎಲ್ಲ ಕಡೆ ಅದರ ಎಳೆ. ಫಿಲ್ಮಿಗೆ ಅದೇ ವೈರಿ. ಅಂದಿನಿಂದ ಶೆಡ್ಡಿಗೆ ಹೋಗುವ ಮುಂಚೆ ಕೈಕಾಲು ತೊಳೆದು ಹತ್ತಿ ಸೀರೆ ಬಿಚ್ಚಿಡುತ್ತಿದ್ದೆ. ಎಳೆ ಉದುರದ ನೈಲಾನಿನ ಸೀರೆ ಉಟ್ಟು, ಸೆರಗನ್ನು ಬಿಗಿಯಾಗಿ ಸಿಕ್ಕಿಸಿ, ತಲೆಗೆ ಒದ್ದೆ ಬಟ್ಟೆ ಕಟ್ಟುತ್ತಿದ್ದೆ. ಕೆಲಸವನ್ನು ಬೆಳಗಿನ ಜಾವಕ್ಕೆ ತಂದುಕೊಂಡೆ, ಗಾಳಿ ಏಳುವ ಮುಂಚೆ. ನಮ್ಮತ್ತೆ ದಿನಾ ಬಾಗಿಲ ಮುಂದೆ ನೀರು ಹಾಕುವವರು, ನನಗೆ ಹೇಳದೆಯೇ ಶೆಡ್ಡಿನವರೆಗೂ ಚಿಮುಕಿಸಲು ಶುರುಮಾಡಿದರು. ಮೊದಮೊದಲು ಹೆಂಗಸು ಕಾರಿನೊಳಗೆ ತೂರಿ ಬಗ್ಗಿ ಕೆಲಸ ಮಾಡುವುದು ಅವರಿಗೆ ಸರಿ ಕಾಣುತ್ತಿರಲಿಲ್ಲ. ಒಮ್ಮೆ ಯಾರೋ ಅದನ್ನೇ ಅವರ ಮುಂದೆ ಆಡಿಕೊಂಡಾಗ, ನಿಮ್ಮ ಮನೆ ಕಾರು ತರಬ್ಯಾಡ್ರಿ ಅಷ್ಟೇ ಎಂದು ಬಿಂದಿಗೆ ಎತ್ತಿಕೊಂಡು ಒಳಗೆ ಬಂದರು. ಶೆಡ್ಡಿನ ಮೂರೂ ಕಡೆ ಗೋಣಿತಾಟು ಒದ್ದೆ ಮಾಡಿ ಇಳಿಬಿಟ್ಟೆವು. ಆಮೇಲೆ ಪರಮೇಶಪ್ಪನವರ ಗಾಜನ್ನು ಮತ್ತೆ ಮಾಡಿಕೊಟ್ಟೆ.

ಬಾಗಿಲಿನ ಗಾಜು ಹಿಡಿತಕ್ಕೆ ಬಂದರೂ ಹಿಂದಿನ ಗಾಜು ಬರಲಿಲ್ಲ. ಅದು ಎರಡೂ ಕಡೆ ಉಬ್ಬಿರುತ್ತದೆ, ಫಿಲ್ಮು ಮಾತ್ರ ಚಪ್ಪಟೆ. ಉಬ್ಬಿನ ಮೇಲೆ ಹರಡಿದರೆ ಅಂಚಿನುದ್ದಕ್ಕೂ ನೆರಿಗೆ ಏಳುತ್ತದೆ. ಬಿಸಿಗಾಳಿ ಊದುವ ಹೀಟ್ ಗನ್ನಿನಿಂದ ಆ ನೆರಿಗೆಯನ್ನು ಕುಗ್ಗಿಸಿ ಕೂರಿಸಬೇಕು. ಜಾಸ್ತಿ ಬಿಸಿಯಾದರೆ ಫಿಲ್ಮ್ ಸುಕ್ಕಾಗಿ ಸಾಯುತ್ತದೆ, ಕಡಿಮೆಯಾದರೆ ನೆರಿಗೆ ಹಾಗೇ ಉಳಿಯುತ್ತದೆ. ಗಂಡ ಎಷ್ಟು ಹೇಳಿದರೂ ನನಗೆ ಹತ್ತಲಿಲ್ಲ. ಅವರಿಗೆ ಅದು ಕೈಯಲ್ಲಿತ್ತು, ಮಾತಿನಲ್ಲಿ ಇರಲಿಲ್ಲ.

ಒಂದು ಮಧ್ಯಾಹ್ನ ರವಿಕೆಗೆ ತೋಳು ಕೂರಿಸುತ್ತಿದ್ದೆ. ತೋಳಿನ ತಲೆ ಯಾವಾಗಲೂ ಕಂಕುಳಿನ ಸುತ್ತಳತೆಗಿಂತ ದೊಡ್ಡದು. ಹೆಚ್ಚಾದ ಬಟ್ಟೆಯನ್ನು ಒಂದೇ ಕಡೆ ತಳ್ಳಿದರೆ ನೆರಿಗೆ ಬೀಳುತ್ತದೆ. ಸುತ್ತಲೂ ಚೂರುಚೂರೇ ಹಂಚಿ ಹೊಲಿದರೆ ಹೆಚ್ಚಿದ್ದೇ ಗೊತ್ತಾಗುವುದಿಲ್ಲ. ಕಾಲು ಮಿಷನ್ನಿನ ಮೇಲೆಯೇ ನಿಂತುಹೋಯಿತು. ಗಾಜಿನ ಮೇಲೆ ನಾನು ಮಾಡುತ್ತಿದ್ದುದು ದೊಡ್ಡ ನೆರಿಗೆಯನ್ನು ಒಂದೇ ಏಟಿಗೆ ಸುಡುವ ಕೆಲಸ. ಎದ್ದು ಗಂಡನ ಹತ್ತಿರ ಹೋಗಿ, ಬಟ್ಟೆಗೆ ಉದ್ದ ಎಳೆ ಅಡ್ಡ ಎಳೆ ಇರುವಂತೆ ಫಿಲ್ಮಿಗೂ ಇರುತ್ತದಾ ಎಂದು ಕೇಳಿದೆ. ಅವರು ಯೋಚನೆ ಮಾಡಿ, ಎಳೆ ಗೊತ್ತಿಲ್ಲ, ಆದರೆ ರೋಲಿನ ಉದ್ದಕ್ಕೆ ಕುಗ್ಗುತ್ತದೆ, ಅಡ್ಡಕ್ಕೆ ಕುಗ್ಗಲ್ಲ ಎಂದರು. ನನಗೆ ಅಷ್ಟೇ ಬೇಕಾಗಿತ್ತು. ಮರುದಿನ ಫಿಲ್ಮನ್ನು ಕುಗ್ಗುವ ದಿಕ್ಕು ನೋಡಿ ಹಾಸಿ, ದೊಡ್ಡ ನೆರಿಗೆಯನ್ನು ಬೆರಳಿನಲ್ಲಿ ಹತ್ತು ಸಣ್ಣ ನೆರಿಗೆಯಾಗಿ ಹಂಚಿ, ಒಂದೊಂದಕ್ಕೇ ಬಿಸಿ ತೋರಿಸುತ್ತ ಹೋದೆ. ಒಂದಾದ ಮೇಲೊಂದು ಕರಗಿ ಗಾಜಿಗೆ ಮಲಗಿದವು. ಗಂಡ ಕುರ್ಚಿ ಬಿಟ್ಟು ಎದ್ದು ನಿಂತು ನೋಡಿದರು. ದಾವಣಗೆರೆಯಲ್ಲಿ ನನಗೆ ಯಾರೂ ಹಿಂಗೆ ಹೇಳ್ಕೊಟ್ಟಿರಲಿಲ್ಲ ಎಂದರು.

ನಾಗವೇಣಿ ಟೀಚರು ಬಂದದ್ದು ಮೇ ತಿಂಗಳ ಮಧ್ಯದಲ್ಲಿ. ಜಗಳೂರಿನಲ್ಲೇ ಮನೆ. ಊರಿಗೆ ಪಡುವಣಕ್ಕಿರುವ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ ಗಣಿತ ಹೇಳುತ್ತಿದ್ದರು. ಆ ಕಾಯುವ ಬಿಸಿಲಲ್ಲಿ ಮೈತುಂಬ ಬಟ್ಟೆ, ಮುಖಕ್ಕೆ ಸ್ಕಾರ್ಫು, ಕೈಗೆ ಗ್ಲೌಸು ಹಾಕಿಕೊಂಡು ಇಳಿದರು. ಒಳಗೆ ಕೂತು ಸ್ಕಾರ್ಫ್ ತೆಗೆದಾಗ ಕೆನ್ನೆಯ ಮೇಲೆ, ಕತ್ತಿನ ಹಿಂದೆ ಕೆಂಪು ಕಲೆಗಳು ಕಂಡವು. ಲೂಪಸ್ ಅನ್ನುವ ಕಾಯಿಲೆಯಂತೆ. ಬಿಸಿಲು ಬಿದ್ದರೆ ಚರ್ಮ ಉರಿಯುವುದಷ್ಟೇ ಅಲ್ಲ, ಕೀಲುಗಳು ಹಿಡಿದುಕೊಂಡು ವಾರಗಟ್ಟಲೆ ಮಲಗಬೇಕಾಗುತ್ತಿತ್ತು. ಬಸ್ಸು ಇಳಿದು ನಡೆಯುವುದು ಆಗದೆ ಹಳೆಯ ಕಾರೊಂದನ್ನು ಕೊಂಡು, ಡ್ರೈವಿಂಗ್ ಕಲಿತು, ಕಪ್ಪು ಫಿಲ್ಮ್ ಹಾಕಿಸಿದ್ದರು. ಪೊಲೀಸರು ನಿಲ್ಲಿಸಿ, ಕಾಯಿಲೆಯ ಮಾತು ಕೇಳಿ ಮರುಗಿದರೂ, ನಿಯಮ ನಿಯಮವೇ ಮೇಡಂ ಎಂದು ತೆಗೆಯಲು ಹೇಳಿದ್ದರು. ಬಾಗಿಲಿನ ಫಿಲ್ಮು ಹೋಗಿತ್ತು. ಹಿಂದಿನ ಗಾಜಿನದು ಅರ್ಧ ಹರಿದು, ಅಂಟು ಉಳಿದು, ಚಿಂದಿಯಾಗಿತ್ತು. ಬೇರೊಂದು ಕಡೆ ಕೇಳಿದ್ದಕ್ಕೆ ಬ್ಲೇಡಿನಲ್ಲಿ ಕೆರೆಯುತ್ತೇವೆ ಎಂದಿದ್ದರಂತೆ. ಕೆರೆದರೆ ಆ ಗಾಜಿನ ಮೇಲಿರುವ, ಮಳೆಗಾಲದಲ್ಲಿ ಮಬ್ಬು ಕಳೆಯುವ ತಂತಿಗೆರೆಗಳು ಹೋಗುತ್ತವೆ ಎಂದು ಇವರೇ ಬೇಡ ಅಂದಿದ್ದರು.

ಬಣ್ಣವಿಲ್ಲದ ಫಿಲ್ಮೂ ಬರುತ್ತದೆ. ನೋಡಲು ಬರೀ ಗಾಜಿನಂತೆಯೇ ಇದ್ದು, ಚರ್ಮಕ್ಕೆ ಕೆಡುಕು ಮಾಡುವ ಕಿರಣವನ್ನು ಮಾತ್ರ ತಡೆಯುತ್ತದೆ. ಮುಂದಿನ ಗಾಜು ಎರಡು ಪದರದ್ದಾದ್ದರಿಂದ ಅದೇ ಬಹುಪಾಲು ತಡೆಯುತ್ತದೆ, ಪಕ್ಕದವು ಮತ್ತು ಹಿಂದಿನದು ಮುಖ್ಯ ಎಂದು ಗಂಡ ವಿವರಿಸಿದರು. ಅದರಲ್ಲೂ ಹಿಂದಿನದೇ ಮುಖ್ಯ ಎಂದರು ಟೀಚರು. ಶಾಲೆ ಪಡುವಣಕ್ಕೆ, ಮನೆ ಮೂಡಣಕ್ಕೆ. ಬೆಳಿಗ್ಗೆ ಹೋಗುವಾಗಲೂ ಸೂರ್ಯ ಬೆನ್ನಿಗೆ, ಸಂಜೆ ಬರುವಾಗಲೂ ಬೆನ್ನಿಗೆ. ಕತ್ತಿನ ಕಲೆ ಅದರದ್ದೇ.

"ಇರೋ ರಜೆ ಎಲ್ಲಾ ಹೋದ ವರ್ಷನೇ ಮುಗಿದ್ವು, ಗಿರಿಜಕ್ಕ. ಶಾಲೆ ಶುರುವಾಗೋದ್ರೊಳಗೆ ಇದು ಆಗಲಿಲ್ಲ ಅಂದ್ರೆ ನಾನು ಕೆಲಸ ಬಿಡಬೇಕಾಗ್ತೈತೆ" ಎಂದು ನನ್ನ ಕಡೆ ತಿರುಗಿದರು. ಅಳು ಇರಲಿಲ್ಲ, ಲೆಕ್ಕ ಬಿಡಿಸಿದಂತೆ ಹೇಳಿದರು.

ಆ ಫಿಲ್ಮನ್ನು ನಮ್ಮೂರಲ್ಲಿ ಕೇಳುವವರೇ ಇಲ್ಲ. ನಮ್ಮಲ್ಲಿ ಉಳಿದಿದ್ದು ಒಂದು ರೋಲಿನ ಕೊನೆ. ನಾಲ್ಕು ಬಾಗಿಲು, ಒಂದು ಹಿಂದಿನ ಗಾಜು, ಅಷ್ಟಕ್ಕೇ ಸರಿ. ಹೊಸದು ತರಿಸಿದರೆ ಶಾಲೆ ಶುರುವಾದ ಮೇಲೆಯೇ ಬರುವುದು ಎಂದು ನಮಗೆ ರೋಲು ಕಳಿಸುವ ಅಂಗಡಿಯವರು ಫೋನಿನಲ್ಲಿ ಹೇಳಿದರು. ಟೀಚರ ಕಾರಿನ ಹಿಂದಿನ ಗಾಜೋ, ಬುಟ್ಟಿ ಬೋರಲು ಹಾಕಿದಂತೆ ಉಬ್ಬಿದ್ದು. ಗಂಡ ನನ್ನನ್ನು ಒಳಗೆ ಕರೆದು, ತಪ್ಪಿದರೆ ಇನ್ನೊಂದು ತುಂಡಿಲ್ಲ, ಬೇಕಾದರೆ ಈಗಲೇ ಬೇಡ ಅಂದುಬಿಡು, ನಾನು ಹೇಳಿ ಕಳಿಸ್ತೀನಿ ಎಂದರು. ನಾನು ಹೊರಗೆ ಬಂದು ಟೀಚರಿಗೆ ಆ ಮಾತನ್ನು ಇದ್ದ ಹಾಗೇ ಹೇಳಿದೆ. ಅವರು ಸ್ಕಾರ್ಫ್ ಕಟ್ಟಿಕೊಳ್ಳುತ್ತ, ಕಾರು ಇಲ್ಲೇ ಇರಲಿ ಎಂದರು.

ಹಳೆಯದನ್ನು ತೆಗೆಯಲು ಎರಡು ಮಧ್ಯಾಹ್ನ ಹಿಡಿಯಿತು. ಗಾಜಿನ ಒಳಮೈಗೆ ಸೋಪಿನ ನೀರು ಹೊಡೆದು, ಮೇಲೆ ಕಪ್ಪು ಪ್ಲಾಸ್ಟಿಕ್ ಹಾಳೆ ಅಂಟಿಸಿ, ಕಾರನ್ನು ಬಿಸಿಲಿಗೆ ಬೆನ್ನು ಮಾಡಿ ನಿಲ್ಲಿಸಿದೆವು. ಇಪ್ಪತ್ತು ವರ್ಷ ನಾನು ಬೈದುಕೊಂಡ ಜಗಳೂರಿನ ಬಿಸಿಲು ಅವತ್ತು ನನಗಾಗಿ ದುಡಿಯಿತು. ಎರಡು ಗಂಟೆಯಲ್ಲಿ ಅಂಟು ಮೆತ್ತಗಾಗುತ್ತಿತ್ತು. ಅಂಚನ್ನು ಉಗುರಿನಲ್ಲಿ ಎಬ್ಬಿಸಿ, ಉಸಿರು ಬಿಗಿ ಹಿಡಿದು, ತಂತಿಗೆರೆಗಳ ಜೊತೆಜೊತೆಗೇ ನಿಧಾನವಾಗಿ ಎಳೆದೆ. ಕೆನೆ ಎದ್ದಂತೆ ಬಂತು. ಒಂದು ಗೆರೆಯೂ ಹೋಗಲಿಲ್ಲ.

ಮೂರನೆಯ ದಿನ ಬೆಳಕು ಹರಿಯುವ ಹೊತ್ತಿಗೆ ಹೊಸದನ್ನು ಹಿಡಿದೆ. ಬಾಗಿಲುಗಳನ್ನು ಹಿಂದಿನ ದಿನವೇ ಮುಗಿಸಿದ್ದೆ. ಟೀಚರು ಬೆಳಿಗ್ಗೆಯೇ ಬಂದು ನಮ್ಮ ಅಡುಗೆಮನೆಯಲ್ಲಿ ಅತ್ತೆಯ ಜೊತೆ ಕೂತಿದ್ದರು. ಹೊರಮೈ ಮೇಲೆ ಫಿಲ್ಮ್ ಹಾಸಿ, ನೆರಿಗೆ ಹಂಚಿ, ಬಿಸಿ ತೋರಿಸಿ ಗಾಜಿನ ಆಕಾರಕ್ಕೆ ತಂದೆ. ಒಂದು ಗಂಟೆ ಹಿಡಿಯಿತು. ಆಮೇಲೆ ಹಿಂದಿನ ಸೀಟು ಮಡಚಿ ಒಳಗೆ ಮಂಡಿಯೂರಿ ಕೂತು, ಸುಲಿದು, ನೀರು ಹೊಡೆದು ಕೂರಿಸಿದೆ. ಸರಿಯಾಗಿ ಕೂತಿತು. ರಬ್ಬರ್ ಪಟ್ಟಿಯಿಂದ ನಡುವೆ ಎರಡು ಸಲ ನೀರು ಎಳೆದೆ. ಮೂರನೆಯ ಸಲ ಎಳೆಯುವಾಗ ಕಂಡಿತು. ಗಾಜಿನ ನಟ್ಟನಡುವೆ, ಫಿಲ್ಮಿನ ಕೆಳಗೆ, ಕೊಂಡಿಯಂತೆ ಬಾಗಿದ ಒಂದು ಕೂದಲು. ಬಿಳಿಯದು. ತಲೆಗೆ ಕಟ್ಟಿದ ಬಟ್ಟೆ ಹಿಂದಕ್ಕೆ ಜಾರಿತ್ತು. ಕೂದಲು ನನ್ನದೇ.

ಹೊರಗಿನಿಂದ ಗಂಡನೂ ಅದನ್ನು ನೋಡಿದರು. "ಬಿಟ್ಬಿಡು. ಎತ್ತಿದ್ರೆ ಮಡಚ್ಕೊಂತೈತೆ. ಒಂದು ಕೂದಲು, ಯಾರ ಕಣ್ಣಿಗೂ ಬೀಳಲ್ಲ" ಎಂದರು.

ಅವರು ಹೇಳಿದ್ದು ತಪ್ಪೇನೂ ಅಲ್ಲ. ಆದರೆ ಟೀಚರು ಕಾರು ಓಡಿಸುವಾಗ ಕನ್ನಡಿಯಲ್ಲಿ ದಿನಾ ನೋಡುವುದು ಇದೇ ಜಾಗ. ಇಷ್ಟು ನಂಬಿ ಬಿಟ್ಟುಹೋದವರು ದಿನಕ್ಕೆ ಎರಡು ಸಲ ನನ್ನ ಕೂದಲು ನೋಡಬೇಕೇ. ತಲೆಯ ಬಟ್ಟೆಯನ್ನು ಮುಂದಕ್ಕೆಳೆದು ಬಿಗಿದು, "ಒಳಗೆ ಬರ್ರಿ. ಎಡಗೈಲಿ ಈ ಮೂಲೆ ಹಿಡ್ಕೊಳ್ರಿ" ಎಂದೆ.

ಅವರು ಪಟ್ಟಿ ಕಟ್ಟಿದ ಕೈಯನ್ನು ಎದೆಗೆ ಒತ್ತಿಕೊಂಡು ಬಗ್ಗಿ ಬಂದು ಪಕ್ಕದಲ್ಲಿ ಕೂತರು. ಇಬ್ಬರದೂ ಸೇರಿ ಮೂರು ಕೈ. ನಾನು ಕೆಳಗಿನ ಅಂಚಿನಿಂದ ಫಿಲ್ಮನ್ನು ಬೆರಳಗಲ ಬೆರಳಗಲವಾಗಿ ಬಿಡಿಸುತ್ತ ಹೋದೆ. ಅವರು ಒಂದು ಮೂಲೆಯನ್ನು ಎತ್ತಿ ಹಿಡಿದರು, ಇನ್ನೊಂದು ಮೂಲೆ ನನ್ನ ಹಲ್ಲಿನ ನಡುವೆ. ಶಾಂಪೂ ನೀರು ತುಟಿಯೊಳಗೆ ಇಳಿದು ಬಾಯೆಲ್ಲ ಕಹಿ. ಫಿಲ್ಮು ಒಂದು ಸಲ ಗಾಳಿಗೆ ಪಟಪಟ ಎಂದಿತು, ಅಂಟಿನ ಮೈ ಅಂಟಿನ ಮೈಗೆ ತಾಗಿದರೆ ಅಲ್ಲಿಗೆ ಮುಗಿಯಿತು. ಇಬ್ಬರೂ ಅಲುಗಾಡಲಿಲ್ಲ. ಅದು ಸುಮ್ಮನಾದ ಮೇಲೆ ಸೆಲ್ಲೋಟೇಪಿನ ಚೂರನ್ನು ಬೆರಳಿಗೆ ಸುತ್ತಿ ಕೂದಲಿಗೆ ತಾಗಿಸಿದೆ. ಬಂತು. ಮತ್ತೆ ನೀರು ಹೊಡೆದು, ಮೇಲಿನಿಂದ ಕೆಳಕ್ಕೆ ಇಳಿಸುತ್ತ ಬಂದು ಕೂರಿಸಿದೆವು. ಕೊನೆಯ ಅಂಚಿನ ನೀರು ಒತ್ತುವ ಹೊತ್ತಿಗೆ ಬಿಸಿಲು ಗೋಣಿತಾಟು ದಾಟಿ ಬಂದಿತ್ತು. ಗಾಜಿನ ಮೇಲೆ ಏನೂ ಹಾಕಿಯೇ ಇಲ್ಲ ಎಂಬಷ್ಟು ತಿಳಿಯಾಗಿತ್ತು.

ಕಾರಿನಿಂದ ಇಳಿದಾಗ ನನಗೆ ಮಡಚಿದ ಮಂಡಿಯನ್ನು ನೆಟ್ಟಗೆ ಮಾಡಲು ಆಗುತ್ತಿರಲಿಲ್ಲ. ಅತ್ತೆ ಬಂದು ಗಾಜನ್ನು ನೋಡಿ, ಎಲ್ಲಿ ಹಾಕಿದೀಯ, ಏನೂ ಕಾಣಂಗಿಲ್ಲಲ್ಲ ಎಂದರು. ಆ ಕೆಲಸಕ್ಕೆ ಅದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ ಎಂಬುದು ಅವರಿಗೆ ಗೊತ್ತಿರಲಿಲ್ಲ.

ಶಾಲೆ ಶುರುವಾದ ದಿನವೇ ದಾರಿಯಲ್ಲಿ ಮತ್ತೆ ತಪಾಸಣೆ ಇತ್ತಂತೆ. ಪೊಲೀಸರು ಬೆಳಕು ಅಳೆಯುವ ಯಂತ್ರವನ್ನು ಗಾಜಿಗೆ ಹಿಡಿದು ನೋಡಿ, ಸರಿ ಇದೆ ಮೇಡಂ, ಹೊರಡಿ ಎಂದರಂತೆ. ಒಂದು ತಿಂಗಳು ಕಳೆದ ಮೇಲೆ ಟೀಚರು ಅಂಗಡಿಗೆ ಬಂದರು. ಔಷಧಿ, ಸ್ಕಾರ್ಫು ಎಲ್ಲ ಇದ್ದೇ ಇತ್ತು. ಕಾಯಿಲೆ ಎಲ್ಲಿಗೂ ಹೋಗಿರಲಿಲ್ಲ. ಆದರೆ ಜೂನ್ ತಿಂಗಳಲ್ಲಿ ಒಂದು ದಿನವೂ ರಜೆ ಹಾಕಿಲ್ಲ, ಹತ್ತನೇ ಕ್ಲಾಸಿಗೆ ಎರಡು ಪಾಠ ಮುಗಿಸಿದೆ ಎಂದರು. ಹೇಳುವಾಗ ಅವರ ದನಿ ಸ್ವಲ್ಪ ಮೇಲಕ್ಕೆ ಹೋಯಿತು. ನಾನು ಚಹಾ ತರುವ ನೆಪ ಮಾಡಿ ಒಳಗೆ ಹೋದೆ.

ಅಷ್ಟರಲ್ಲಿ ಗಂಡನ ಕೈಯ ಪಟ್ಟಿ ಬಿಚ್ಚಿದ್ದರು. ಮೂಳೆ ಕೂಡಿತ್ತು, ಬೆರಳು ಮಾತ್ರ ಬಿಗಿ. ದಿನಾ ಬಿಸಿನೀರಲ್ಲಿ ಕೈ ಅದ್ದಿ ರಬ್ಬರ್ ಚೆಂಡು ಹಿಸುಕುತ್ತಿದ್ದರು. ಇನ್ನು ನನ್ನ ಕೆಲಸ ಮುಗಿಯಿತು, ಒಳಗೆ ಸೀಟಿನ ಕವರಿಗೆ ವಾಪಸು ಎಂದುಕೊಂಡಿದ್ದೆ. ಹಾಗೆ ಅಂದುಕೊಳ್ಳುವಾಗ ಎದೆಯಲ್ಲಿ ಏನೋ ಚುಚ್ಚುತ್ತಿತ್ತು. ಯಾರಿಗೂ ಹೇಳಿರಲಿಲ್ಲ.

ಜುಲೈನ ಒಂದು ಬೆಳಿಗ್ಗೆ ಹೊಸ ಕಾರೊಂದು ಬಂದು ನಿಂತಿತು. ಸಾಸ್ವೆಹಳ್ಳಿಯಿಂದ ಬಂದವರು, ನಾಗವೇಣಿ ಟೀಚರ ಅಣ್ಣ. ಹೊನ್ನಾಳಿ, ದಾವಣಗೆರೆ ಎಲ್ಲ ದಾಟಿ ಒಂದು ಫಿಲ್ಮಿಗಾಗಿ ಇಲ್ಲಿಯವರೆಗೆ ಬಂದಿದ್ದರು. ಬಾಗಿಲಲ್ಲಿ ನಿಂತಿದ್ದ ನನ್ನ ಗಂಡನನ್ನು ಕಂಡು, ನಮ್ಮ ತಂಗಿ ಬಹಳ ಹೇಳಿದಳು ಎನ್ನುತ್ತ ಕೀ ಚಾಚಿದರು. ನಾನು ಮಿಷನ್ನಿನ ಮುಂದೆ ಕೂತು ನೋಡುತ್ತಿದ್ದೆ.

ಗಂಡ ಕೈ ಚಾಚಲಿಲ್ಲ. "ಫಿಲ್ಮ್ ಹಾಕೋದು ನಮ್ಮನೆಯೋರು. ಕೀ ಅವರಿಗೆ ಕೊಡ್ರಿ" ಎಂದರು.

ಬಂದವರು ತಬ್ಬಿಬ್ಬಾಗಿ ಒಳಗೆ ಇಣುಕಿದರು. ನಾನು ಎದ್ದು, ಸೀರೆ ಬದಲಿಸಿ, ತಲೆಗೆ ಒದ್ದೆ ಬಟ್ಟೆ ಬಿಗಿದು ಬಂದೆ. ಬರುವಷ್ಟರಲ್ಲಿ ಗಂಡ ನನ್ನ ಜಾಗದಲ್ಲಿ ಕೂತು, ನಾನು ಅರ್ಧಕ್ಕೆ ಬಿಟ್ಟಿದ್ದ ಸೀಟಿನ ಕವರನ್ನು ತಿರುಗಿಸಿ ನೋಡುತ್ತಿದ್ದರು. ದಾರ ತುಂಡಾಗಿತ್ತು. ಬಿಗಿದ ಬೆರಳಲ್ಲಿ ಅದನ್ನು ಸೂಜಿಯ ಕಣ್ಣಿಗೆ ತೂರಿಸಲು ಒಂದು ಸಲ, ಎರಡು ಸಲ ನೋಡಿದರು. ನಾನು ಹೋಗಿ ದಾರದ ತುದಿಯನ್ನು ನಾಲಿಗೆಗೆ ತಾಗಿಸಿ, ಪೋಣಿಸಿ ಕೊಟ್ಟೆ. ಕಾಲು ನಿಧಾನಕ್ಕೆ ಇಡ್ರಿ, ಈ ಮಿಷನ್ನು ಓಡ್ತೈತೆ ಎಂದೆ. ಅವರು ಹ್ಞೂಂ ಎಂದು ಬಟ್ಟೆಯನ್ನು ಸೂಜಿಯ ಕೆಳಗೆ ಸರಿಸಿದರು. ನಾನು ಅಂಗೈ ತೊಳೆದುಕೊಂಡು, ಕೀ ತೆಗೆದುಕೊಂಡು ಕಾರಿನ ಕಡೆ ನಡೆದೆ.